ಕುದುರೆಯ ಕಿವಿ ಯಾವ ಕಡೆಗಿದೆ?

ಕಲಬುರಗಿಯಲ್ಲಿ ಮದುವೆಯ ಹಂಗಾಮು ಶುರುವಾಯಿತೆಂದರೆ ಸಂಜೆಯ ಹೊತ್ತು ಯಾವುದಾದರೊಂದು ಓಣಿಯಲ್ಲಿ ಕುದುರೆ ಕಾಣಿಸುತ್ತದೆ. ಬೆನ್ನ ಮೇಲೆ ಜರಿಯ ಹೊದಿಕೆ, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆ. ಮುಂದೆ ಬ್ಯಾಂಡ್ ಸೆಟ್, ಹಿಂದೆ ಜನರೇಟರ್ ಗಾಡಿ, ನಡುನಡುವೆ ಪಟಾಕಿ ಸರ. ಮೇಲೆ ಕುಳಿತ ಮದುಮಗ ಕ್ಯಾಮೆರಾದತ್ತ ನೋಡುತ್ತಾನೆ. ಕುಣಿಯುವ ಗೆಳೆಯರು ಮದುಮಗನತ್ತ ನೋಡುತ್ತಾರೆ. ಕುದುರೆಯನ್ನು ನೋಡುವವನು ಒಬ್ಬನೇ, ಲಗಾಮು ಹಿಡಿದವನು. ಅವನ ದೃಷ್ಟಿಯೂ ಕುದುರೆಯ ಕಣ್ಣಿನ ಮೇಲಲ್ಲ, ಕಿವಿಯ ಮೇಲೆ.

ಕುದುರೆಯ ಎರಡು ಕಿವಿಗಳೂ ಬೇರೆ ಬೇರೆಯಾಗಿ ತಿರುಗಬಲ್ಲವು. ಒಂದು ಕಿವಿ ತನ್ನ ಕಡೆಗಿದ್ದರೆ ಲಗಾಮಿನವನಿಗೆ ಸಮಾಧಾನ. ಇಷ್ಟು ಗದ್ದಲದ ನಡುವೆಯೂ ಅದು ತನ್ನ ಮಾತಿಗೆ ಕಾಯುತ್ತಿದೆ ಎಂದು ಅರ್ಥ. ಎರಡೂ ಕಿವಿ ಸೆಟೆದು ಮುಂದಕ್ಕೆ ನಿಂತರೆ ಏನನ್ನೋ ಕಂಡು ಬೆದರುವುದರಲ್ಲಿದೆ. ತಲೆಗೆ ಅಂಟಿದಂತೆ ಹಿಂದಕ್ಕೆ ಮಡಚಿಕೊಂಡರೆ ಹತ್ತಿರ ಇದ್ದವರು ದೂರ ಸರಿಯುವುದು ಒಳ್ಳೆಯದು. ಮೂರು ನಾಲ್ಕು ಕ್ವಿಂಟಾಲ್ ತೂಕದ ಪ್ರಾಣಿ ಓಡಲೇಬೇಕೆಂದು ನಿಶ್ಚಯಿಸಿದರೆ ಐವತ್ತು ಅರವತ್ತು ಕಿಲೋದ ಮನುಷ್ಯ ಹಗ್ಗ ಜಗ್ಗಿ ನಿಲ್ಲಿಸುವುದು ಆಗದ ಮಾತು. ಕುದುರೆ ನಿಂತಿರುವುದು ಹಗ್ಗದ ಬಲದಿಂದಲ್ಲ, ಹಿಂದೆಂದೋ ಕಲಿತ ಪಾಠದ ಬಲದಿಂದ. ಆ ಪಾಠವನ್ನು ಅದಕ್ಕೆ ಹೇಗೆ ಕಲಿಸಿದ್ದರು ಎನ್ನುವುದರ ಮೇಲೆ ಮದುಮಗನ ಸೊಂಟವೂ ಸುತ್ತ ನೆರೆದ ಮಕ್ಕಳ ಕ್ಷೇಮವೂ ನಿಂತಿರುತ್ತದೆ.

ಒಂದು ಕಾಲಕ್ಕೆ ಈ ಊರಿನಲ್ಲಿ ರೈಲಿನಿಂದ ಇಳಿದವರನ್ನು ಟಾಂಗಾಗಳು ಮನೆ ಮುಟ್ಟಿಸುತ್ತಿದ್ದವು. ಕುದುರೆಯ ಸ್ವಭಾವ ಬಲ್ಲವರು ಓಣಿಗೊಬ್ಬರಾದರೂ ಸಿಗುತ್ತಿದ್ದರು. ಆಟೋರಿಕ್ಷಾ ಬಂದ ಮೇಲೆ ಆ ತಿಳಿವಳಿಕೆ ಕೆಲವೇ ಮನೆಗಳಲ್ಲಿ ಉಳಿಯಿತು. ಇಂದಿನ ಮಕ್ಕಳಿಗೆ ಕುದುರೆಯೆಂದರೆ ಮೆರವಣಿಗೆಯ ಅಲಂಕಾರ, ಇಲ್ಲವೇ ಚದುರಂಗದ ಕಾಯಿ. ಆದರೆ ಮನುಷ್ಯನ ಕೈ ಒಮ್ಮೆಯೂ ತಾಗದ ಕುದುರೆಯೊಂದನ್ನು ಪಳಗಿಸುವ ಕೆಲಸವಿದೆಯಲ್ಲ, ಅದರಲ್ಲಿ ಕಣ್ಣು, ಕಿವಿ, ನರ, ನೆನಪು ಎಲ್ಲದರ ವಿಜ್ಞಾನವೂ ಅಡಗಿದೆ. ಪಠ್ಯಪುಸ್ತಕದ ಒಂದು ಇಡೀ ಅಧ್ಯಾಯಕ್ಕೆ ಸಾಲುವಷ್ಟು ಸರಕು ಅದು.

ಮನುಷ್ಯರ ಕೈ ತಾಗದ ಕುದುರೆ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಕಾಡಿನಿಂದಂತೂ ಅಲ್ಲ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಬಯಲಿನಲ್ಲಿ ಕುರಿ ಹಿಂಡಿನೊಂದಿಗೆ ಊರೂರು ತಿರುಗುವ ಕುರಿಗಾಹಿಗಳು ಸಣ್ಣ ಜಾತಿಯ ಗಟ್ಟಿ ಕುದುರೆಗಳನ್ನು ಸಾಕಿಕೊಂಡಿರುತ್ತಾರೆ. ಅಡುಗೆಯ ಪಾತ್ರೆ, ಕಂಬಳಿ, ನಡೆಯಲಾರದ ಎಳೆಯ ಕುರಿಮರಿ ಎಲ್ಲವೂ ಅದರ ಬೆನ್ನ ಮೇಲೆ. ಭೀಮಾ ನದಿಯ ಬಯಲಿನಿಂದಲೇ ಹೆಸರು ಪಡೆದ ಭೀಮಥಡಿ ಎನ್ನುವ ತಳಿ ಇಂಥದ್ದು. ಈಚಿನ ವರ್ಷಗಳಲ್ಲಿ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಇದನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿಕೊಂಡಿದೆ. ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ನಿಲ್ಲುವ ಮರಿ ತಾಯಿಯ ಹಿಂದೆ ಹಿಂದೆ ನಡೆದು ಬೆಳೆಯುತ್ತದೆ. ಹೊರೆ ಹೊರುವ ವಯಸ್ಸು ಬರುವವರೆಗೆ ಅದನ್ನು ಹಿಡಿಯುವ ಅಗತ್ಯವೇ ಬೀಳದಿರಬಹುದು.

ಇಂಥ ಒಂದು ಎರಡು ವರ್ಷದ ಹೆಣ್ಣು ಮರಿಯನ್ನು ಕಮಲಾಪುರದ ರೈತನೊಬ್ಬ ಕೊಂಡು ತಂದ ಎಂದು ಇಟ್ಟುಕೊಳ್ಳೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿ.ಮೀ. ದೂರದಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆ ತೋಟದ ಪಕ್ಕದಲ್ಲಿ ಮುಳ್ಳುಬೇಲಿಯ ದೊಡ್ಡಿ. ಅದರ ಮೂಲೆಯಲ್ಲಿ ಬೆವತು ನಿಂತ ಮರಿ. ಮನೆಯಲ್ಲಿ ಒಂಬತ್ತನೆಯ ತರಗತಿಯ ಮಗ. ಅವನು ಬೇಲಿ ದಾಟಲು ಹೋದರೆ ಅಪ್ಪ ಗದರುತ್ತಾನೆ: ‘ಹಿಂದ ಹೋಗಬ್ಯಾಡೋ ತಮ್ಮಾ, ಒದೀತದ!’ ಅಪ್ಪನ ಮಾತು ನೂರಕ್ಕೆ ನೂರು ಸರಿ. ಅಧಿಕಾರಿಯ ಮುಂದೆ, ಕುದುರೆಯ ಹಿಂದೆ ಸುಳಿಯಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಧಿಕಾರಿಯ ವಿಷಯ ಬಲ್ಲವರೇ ಬಲ್ಲರು. ಕುದುರೆಯ ವಿಷಯಕ್ಕೆ ಮಾತ್ರ ಕಾರಣ ಅದರ ಕಣ್ಣಿನ ರಚನೆಯಲ್ಲಿದೆ.

ನೆಲದ ಮೇಲೆ ಬಾಳುವ ಸಸ್ತನಿಗಳಲ್ಲಿ ಅತಿ ದೊಡ್ಡ ಕಣ್ಣುಳ್ಳವುಗಳ ಸಾಲಿನಲ್ಲಿ ಕುದುರೆ ಇದೆ. ಕಣ್ಣುಗಳು ಮುಖದ ಎರಡೂ ಪಕ್ಕದಲ್ಲಿರುವುದರಿಂದ ತಲೆ ತಿರುಗಿಸದೆಯೇ ತನ್ನ ಸುತ್ತ ಸುಮಾರು 350 ಡಿಗ್ರಿಯಷ್ಟನ್ನು ಅದು ನೋಡಬಲ್ಲದು. ಕಾಣದೆ ಉಳಿಯುವುದು ಬಾಲದ ನೇರ ಹಿಂದೆ ಒಂದು ಪಟ್ಟಿ, ಹಣೆಯ ತೀರ ಮುಂದೆ ಒಂದು ಚೂರು. ಹುಲ್ಲುಗಾವಲಿನಲ್ಲಿ ತೋಳ, ಸಿಂಹಗಳಿಗೆ ಆಹಾರವಾಗಿ ಬದುಕಿದ ಜೀವಕ್ಕೆ, ಕಾಣದ ಜಾಗದಿಂದ ಬಂದದ್ದೆಲ್ಲ ವೈರಿಯೇ. ಹಿಂದಿನಿಂದ ಬಂದವನು ಮಗನೋ ತೋಳವೋ ಎಂದು ವಿಚಾರಿಸಿ ಒದೆಯುವಷ್ಟು ಪುರುಸೊತ್ತು ಅದರ ಪೂರ್ವಜರಿಗೆ ಇರಲಿಲ್ಲ. ವಿಚಾರಿಸುತ್ತ ನಿಂತವು ವಂಶ ಬೆಳೆಸಲು ಉಳಿಯಲೂ ಇಲ್ಲ.

ಇನ್ನೊಂದು ಸ್ವಾರಸ್ಯ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ; ಕುದುರೆಗೆ ಎರಡೇ. ನೀಲಿ, ಹಳದಿ ಅದಕ್ಕೆ ಬೇರೆಯಾಗಿ ತೋರುತ್ತವೆ, ಕೆಂಪು ಮತ್ತು ಹಸಿರು ಬೆರೆತುಹೋಗುತ್ತವೆ. ಜಗತ್ತೆಲ್ಲ ಮೆಚ್ಚುವ ಕಮಲಾಪುರದ ಬಾಳೆಯ ಕೆಂಪು ಆ ಮರಿಯ ಪಾಲಿಗೆ ಇಲ್ಲವೇ ಇಲ್ಲ. ಆದರೆ ಗಾಳಿಗೆ ಹರಿದ ಬಾಳೆಯ ಎಲೆ ಪಟಪಟಿಸಿದರೆ, ನಮಗೆ ಕಾಣುವ ಮೊದಲೇ ಅದಕ್ಕೆ ಕಂಡಿರುತ್ತದೆ. ಕಿವಿಯೂ ಹಾಗೆಯೇ. ಮನುಷ್ಯನಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿದರೆ ಕುದುರೆಗೆ ಸುಮಾರು 33 ಸಾವಿರದವರೆಗೂ ಕೇಳಿಸುತ್ತದೆ. ನೊಣ ಕೂತರೆ ಕೂತ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವಷ್ಟು ಸೂಕ್ಷ್ಮ ಅದರ ಮೈ. ‘ಕಾರಣವಿಲ್ಲದೆ ಬೆದರಿತು’ ಎಂದು ನಾವು ಹೇಳುವ ಸಂದರ್ಭಗಳಲ್ಲಿ ಬಹುಪಾಲು, ಕಾರಣ ನಮಗೆ ಗೊತ್ತಾಗಲಿಲ್ಲ ಎಂದಷ್ಟೇ ಅರ್ಥ. ಬುಸೆಫಾಲಸ್ ಎಂಬ ಕುದುರೆ ಯಾರಿಗೂ ಬಗ್ಗದಿದ್ದಾಗ, ಅದು ತನ್ನ ನೆರಳಿಗೇ ಹೆದರುತ್ತಿದೆ ಎಂದು ಕಂಡುಕೊಂಡ ಬಾಲಕ ಅಲೆಕ್ಸಾಂಡರ್ ಅದರ ಮುಖವನ್ನು ಸೂರ್ಯನತ್ತ ತಿರುಗಿಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಕಥೆ ಎಷ್ಟು ನಿಜವೋ, ಹುಡುಗನ ಬುದ್ಧಿಯಂತೂ ಸರಿಯಾದ ದಾರಿಯಲ್ಲೇ ಹೋಗಿದೆ.

ಕಮಲಾಪುರದ ಅಪ್ಪನಿಗೆ ಹಳೆಯ ದಾರಿ ಗೊತ್ತು. ನಾಲ್ಕು ಜನ ಸೇರಿ ಹಗ್ಗ ಬೀಸಿ ಹಿಡಿಯುವುದು, ಕಾಲು ಕಟ್ಟಿ ಕೆಡವುವುದು, ಸುಸ್ತಾಗಿ ಒದ್ದಾಟ ನಿಲ್ಲಿಸುವವರೆಗೆ ಬಿಡದಿರುವುದು. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಜಗತ್ತಿನ ಬಹುತೇಕ ಕಡೆ ಶತಮಾನಗಳಿಂದ ನಡೆದು ಬಂದದ್ದು ಇದೇ. 1858ರಲ್ಲಿ ಲಂಡನ್ನಿನಲ್ಲಿ ಕ್ರೂಸರ್ ಎಂಬ ಕೊಲೆಗಡುಕ ಕುದುರೆಯನ್ನು ಪಳಗಿಸಿ ಮನೆಮಾತಾದ ಅಮೆರಿಕದ ಜಾನ್ ರೇರಿ ಚಾವಟಿ ಹಿಡಿಯದವನೆಂದು ಹೆಸರು ಪಡೆದ. ಅವನೂ ಮುಂಗಾಲಿಗೆ ಪಟ್ಟಿ ಬಿಗಿದು ಕುದುರೆಯನ್ನು ಮಲಗಿಸಿ, ಆಮೇಲೆ ಮೈ ಸವರುತ್ತಿದ್ದ. ಆ ಕಾಲಕ್ಕೆ ಅದೇ ದಯೆ. ಇಂದಿನ ತಿಳಿವಳಿಕೆಯಲ್ಲಿ ನೋಡಿದರೆ, ಏನು ಮಾಡಿದರೂ ಬಿಡುಗಡೆಯಿಲ್ಲವೆಂದು ಅರಿತ ಪ್ರಾಣಿ ಕೈಚೆಲ್ಲಿ ಬಿದ್ದುಕೊಳ್ಳುವುದು ಒಪ್ಪಿಗೆಯಲ್ಲ. ಹಾಗೆ ಸೋತ ಕುದುರೆ ದಿನವೂ ಹೇಳಿದಂತೆ ಕೇಳುತ್ತದೆ. ಎಂದೋ ಒಂದು ದಿನ ಪಟಾಕಿಯ ಸದ್ದಿಗೆ, ಹೇಳುವವನ ಹೆದರಿಕೆಗಿಂತ ದೊಡ್ಡ ಹೆದರಿಕೆ ಎದುರಾದಾಗ, ಅದಕ್ಕೆ ನೆನಪಾಗುವುದು ಕಾಲು ಮಾತ್ರ. ಮೆರವಣಿಗೆಯ ನಡುವೆ ಕುದುರೆ ಬೆದರಿ ಓಡಿದ ಸುದ್ದಿ ಕೇಳಿದವರು ಪಟಾಕಿಯನ್ನು ಬೈಯುತ್ತಾರೆ. ಬೈಯಲಿ, ತಪ್ಪಿಲ್ಲ. ಆ ಕುದುರೆಯ ಮೊದಲ ಪಾಠ ಹೇಗಿತ್ತೆಂದು ಯಾರೂ ವಿಚಾರಿಸುವುದಿಲ್ಲ.

ಈ ಸೀಮೆಗೆ ಕುದುರೆ ಹೊಸದಲ್ಲ ಎನ್ನುವುದನ್ನು ಇಲ್ಲಿಯೇ ಹೇಳಬೇಕು. ಕಮಲಾಪುರದಿಂದ ಉತ್ತರಕ್ಕಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಅವನ್ನು ಪಳಗಿಸುವ ಬಗೆ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟ ಎಲ್ಲವೂ ಇದೆ. ಕನ್ನಡದಲ್ಲಿಯೇ ಅಭಿನವಚಂದ್ರನ ಅಶ್ವಶಾಸ್ತ್ರವಿದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದ ಮೇಲಂತೂ ಪಶ್ಚಿಮ ಕರಾವಳಿಯ ಬಂದರುಗಳಿಂದ ಅರಬ್ಬಿ ಕುದುರೆಗಳು ಸಾಲುಸಾಲಾಗಿ ಘಟ್ಟ ಹತ್ತಿ ಬಂದವು. ಹದಿನೈದನೆಯ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದೇ ಒಂದು ಗಂಡು ಕುದುರೆಯನ್ನು ಬಂಡವಾಳವಾಗಿ ಹಡಗಿನಲ್ಲಿ ತಂದ. ಜುನ್ನರದಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಸಿದುಕೊಂಡ. ಖುರಾಸಾನದ ಗೃಹಸ್ಥನೊಬ್ಬನ ಮಧ್ಯಸ್ತಿಕೆಯಿಂದ ಹೇಗೋ ವಾಪಸು ಸಿಕ್ಕಿತು. ಕೊನೆಗೆ ಬೀದರಿನಲ್ಲಿ ಮಾರಿದ. ಕಲಬುರಗಿಗೂ ಅವನು ಬಂದಿದ್ದ. ಬೀದರಿಗೆ ಹತ್ತಿರದ ಒಂದು ಊರಿನ ಉರುಸಿನ ಸಂತೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಬರೆದಿಟ್ಟಿದ್ದಾನೆ. ಆ ಊರು ನಮ್ಮ ಆಳಂದ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಖಿಚಡಿ ಬೇಯಿಸಿ ಹಾಕುತ್ತಾರೆ ಎನ್ನುವುದನ್ನೂ ಅವನು ಬಿಟ್ಟಿಲ್ಲ.

ನಿಕಿತಿನ್‌ನ ಊರು ವೋಲ್ಗಾ ನದಿಯ ದಂಡೆಯ ತ್ವೇರ್. ಅವನಿಗೆ ಗೊತ್ತಿರಲು ಸಾಧ್ಯವಿಲ್ಲದ ಒಂದು ಸಂಗತಿ 2021ರಲ್ಲಿ ಹೊರಬಿತ್ತು. ಫ್ರಾನ್ಸಿನ ಲುಡೊವಿಕ್ ಒರ್ಲಾಂಡೊ ಮತ್ತು ಸಂಗಡಿಗರು 273 ಪ್ರಾಚೀನ ಕುದುರೆಗಳ ಎಲುಬು, ಹಲ್ಲುಗಳಿಂದ ಡಿ.ಎನ್.ಎ. ತೆಗೆದು ಹೋಲಿಸಿದರು. ಇಂದು ಮನುಷ್ಯನ ಬಳಿ ಇರುವ ಕುದುರೆಗಳೆಲ್ಲದರ ಮೂಲ, ಅದೇ ವೋಲ್ಗಾ ನದಿಯ ಕೆಳಭಾಗ ಮತ್ತು ಡಾನ್ ನದಿಯ ನಡುವಿನ ಹುಲ್ಲುಗಾವಲು. ಅಲ್ಲಿಂದ ಸುಮಾರು ಕ್ರಿ.ಪೂ. 2200ರ ನಂತರ ಅವು ಹರಡಿದವು ಎಂದು ತಿಳಿದುಬಂತು. ಆ ಕುದುರೆಗಳಲ್ಲಿ ಎರಡು ಜೀನುಗಳು ವಿಶೇಷವಾಗಿ ಆಯ್ಕೆಯಾಗಿದ್ದವು. ಒಂದಕ್ಕೆ ಬೆನ್ನಿನ ಬಲದೊಂದಿಗೆ, ಇನ್ನೊಂದಕ್ಕೆ ಹೆದರಿಕೆ ಮತ್ತು ಮನಸ್ಸಿನ ಸ್ಥಿತಿಯೊಂದಿಗೆ ಸಂಬಂಧವಿರಬಹುದೆಂದು ವಿಜ್ಞಾನಿಗಳ ಊಹೆ. (ಜೀನು ಎಂದರೆ ಇಲ್ಲಿ ವಂಶವಾಹಿ, ಕುದುರೆಯ ಬೆನ್ನ ಮೇಲಿನ ಜೀನಲ್ಲ!) ಅಂದರೆ ದೊಡ್ಡಿಯ ಮೂಲೆಯಲ್ಲಿ ನಡುಗುತ್ತಿರುವ ಮರಿಯೊಳಗೆ, ಮನುಷ್ಯನನ್ನು ಸಹಿಸಿಕೊಳ್ಳುವ ಸಾಧ್ಯತೆ ನಾಲ್ಕು ಸಾವಿರ ವರ್ಷಗಳಿಂದ ಇಳಿದು ಬಂದಿದೆ. ಸಾಧ್ಯತೆ ಮಾತ್ರ. ಅದನ್ನು ಎಬ್ಬಿಸುವುದು, ಕೊಲ್ಲುವುದು ಎರಡೂ ನಮ್ಮ ಕೈಯಲ್ಲಿದೆ.

ಈಗ ದೊಡ್ಡಿಗೆ ಮರಳೋಣ. ಮೆಲ್ಲನೆಯ ದಾರಿ ಹಿಡಿದರೆ ಮೊದಲ ದಿನ ಮಾಡುವ ಕೆಲಸವೆಂದರೆ ಏನೂ ಮಾಡದಿರುವುದು. ಬೇಲಿಯ ಒಳಗೆ, ಮರಿಯಿಂದ ಅತಿ ದೂರದ ಮೂಲೆಯಲ್ಲಿ ಅಪ್ಪ ಕುಳಿತುಕೊಳ್ಳುತ್ತಾನೆ. ಬೇಕಿದ್ದರೆ ಹಗ್ಗ ಹೊಸೆಯಲಿ, ಬೀಡಿ ಮಾತ್ರ ಬೇಡ. ಮರಿ ಅವನನ್ನು ನೋಡುತ್ತದೆ, ಮೂಸುತ್ತದೆ, ಒಂದು ಕಿವಿಯನ್ನು ಅವನಲ್ಲಿಟ್ಟು ಹುಲ್ಲಿಗೆ ಬಾಯಿ ಹಾಕುತ್ತದೆ. ಎರಡನೆಯ ದಿನ ಎದ್ದು ನಡೆದರೆ, ಯಾವುದೋ ಒಂದು ದೂರಕ್ಕೆ ಬಂದಾಗ ಮರಿ ತಲೆ ಎತ್ತಿ ಸರಿಯಲು ಸಿದ್ಧವಾಗುತ್ತದೆ. ಅದು ಅದರ ಗಡಿ. ಇಡೀ ವಿದ್ಯೆ ಇರುವುದು ಆ ಗಡಿಯಲ್ಲಿ. ದಾಟಿ ಹೋದರೆ ಮರಿ ಓಡುತ್ತದೆ, ಓಡಿದರೆ ಬದುಕುತ್ತೇನೆ ಎಂದು ಕಲಿಯುತ್ತದೆ. ಗಡಿಯಲ್ಲಿ ನಿಂತು, ಅದು ಓಡುವ ಮೊದಲೇ, ಅದು ಒಂದು ಉಸಿರು ಬಿಟ್ಟು ತಡೆದು ನಿಂತ ಕ್ಷಣದಲ್ಲಿ ಅಪ್ಪನೇ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಮರಿಗೆ ಅಚ್ಚರಿ. ನಿಂತರೆ ಈ ಮನುಷ್ಯ ದೂರ ಹೋಗುತ್ತಾನೆ! ಹತ್ತು ಸಲ ಹೀಗಾದ ಮೇಲೆ ಗಡಿ ತಾನಾಗಿ ಒಳಕ್ಕೆ ಬರುತ್ತದೆ. ಹತ್ತು ಗಜ ಇದ್ದದ್ದು ಆರಾಗುತ್ತದೆ, ನಾಲ್ಕಾಗುತ್ತದೆ.

ನಡೆಯುವ ಬಗೆಯೂ ಇದೆ. ನೇರವಾಗಿ ಮುಖಕ್ಕೆ ಹೋಗುವುದಲ್ಲ, ಭುಜದ ಕಡೆಗೆ ಓರೆಯಾಗಿ. ಕಣ್ಣಿಗೆ ಕಣ್ಣು ಕೊಟ್ಟು ದಿಟ್ಟಿಸುವುದು ಬೇಟೆಗಾರನ ರೀತಿ. ಕೈ ಕೆಳಗಿರಲಿ, ದನಿ ತಗ್ಗಿರಲಿ. ಆದರೆ ಕಳ್ಳಹೆಜ್ಜೆ ಇಡುವುದೂ ತಪ್ಪು. ಹೊಂಚು ಹಾಕುವ ಪ್ರಾಣಿ ನಡೆಯುವುದೇ ಹಾಗೆ. ಹೊಲಕ್ಕೆ ಹೋದಂತೆ ಸಹಜವಾಗಿ ನಡೆದರೆ ಸಾಕು.

‘ಒಳಗೆ ಹೆದರಿಕೆ ಇಟ್ಟುಕೊಂಡು ಮೇಲೆ ಧೈರ್ಯ ನಟಿಸಿದರೆ ಕುದುರೆಗೆ ಗೊತ್ತಾಗುತ್ತದೆಯೇ?’ ಎಂದು ಮಗ ಕೇಳಬಹುದು. ಇದಕ್ಕೆ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಉತ್ತರ ಕೊಟ್ಟಿದೆ. ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟ್ರು ಅದಕ್ಕೆ ಲೆಕ್ಕ ಕಲಿಸಿದ್ದರು. ಕೂಡುವುದು, ಕಳೆಯುವುದು, ಭಿನ್ನರಾಶಿ ಎಲ್ಲಕ್ಕೂ ಹಾನ್ಸ್ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ತಜ್ಞರ ಸಮಿತಿಯೊಂದು ಪರೀಕ್ಷಿಸಿ ಮೋಸವೇನೂ ಇಲ್ಲವೆಂದಿತು. ಆಮೇಲೆ ಓಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಹಟ ಹಿಡಿದು ನೋಡಿದಾಗ ಗುಟ್ಟು ರಟ್ಟಾಯಿತು. ಉತ್ತರ ಗೊತ್ತಿಲ್ಲದವರು ಪ್ರಶ್ನೆ ಕೇಳಿದರೆ ಹಾನ್ಸ್‌ಗೂ ಗೊತ್ತಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಪಾಪ, ಮೇಷ್ಟ್ರಿಗೆ ಬಹಳ ಬೇಸರವಾಯಿತಂತೆ. ಆಗಬೇಕಿರಲಿಲ್ಲ. ಲೆಕ್ಕ ಬಾರದ ಕುದುರೆ ಮನುಷ್ಯರನ್ನು ಮನುಷ್ಯರಿಗಿಂತ ಚೆನ್ನಾಗಿ ಓದುತ್ತಿತ್ತಲ್ಲ! 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯರ ಮುಖದ ಫೋಟೊ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವು ತಲೆ ತಿರುಗಿಸಿ ಎಡಗಣ್ಣಿನಿಂದ ನೋಡಿದವು, ಎದೆಬಡಿತ ಬೇಗ ಏರಿತು. ಆದ್ದರಿಂದ ಮನೆಯಲ್ಲಿ ಜಗಳವಾಡಿ ಬಂದ ದಿನ ದೊಡ್ಡಿಗೆ ಹೋಗದಿರುವುದು ಲೇಸು.

ಮೊದಲ ಸ್ಪರ್ಶ ಬರುವುದು ಕೆಲವು ದಿನಗಳ ಮೇಲೆ, ಕೆಲವೊಮ್ಮೆ ವಾರಗಳ ಮೇಲೆ. ಎಲ್ಲಿ ಮುಟ್ಟಬೇಕು? ಮುದ್ದು ಬಂದವರು ಮೂತಿಗೆ ಕೈ ಹಾಕುತ್ತಾರೆ. ಹಣೆಯ ಮುಂದಿನ ಆ ಚೂರು ಜಾಗ ಕುದುರೆಗೆ ಕಾಣುವುದಿಲ್ಲವೆಂದು ಮೇಲೆ ಹೇಳಿದೆಯಷ್ಟೆ. ಕುದುರೆಗಳೇ ಒಂದನ್ನೊಂದು ಮುದ್ದು ಮಾಡುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ಎರಡು ಕುದುರೆಗಳು ತಲೆಬಾಲ ಅದಲುಬದಲಾಗಿ ನಿಂತು, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಬಳಿ ಹಲ್ಲಿನಿಂದ ಪರಸ್ಪರ ಕೆರೆದುಕೊಳ್ಳುತ್ತವೆ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಪ್ರಯೋಗ ನಡೆಸಿ 1993ರಲ್ಲಿ ಪ್ರಕಟಿಸಿದ ವರದಿಯಂತೆ, ಮನುಷ್ಯನ ಕೈ ಅದೇ ಜಾಗದಲ್ಲಿ ಕೆರೆದರೆ ಕುದುರೆಯ ಎದೆಬಡಿತ ಶೇಕಡ ಹತ್ತಕ್ಕಿಂತ ಹೆಚ್ಚು ಇಳಿಯುತ್ತದೆ; ಬೇರೆ ಕಡೆ ಕೆರೆದರೆ ಇಳಿಯುವುದಿಲ್ಲ. ಬೆನ್ನು ತಟ್ಟಿ ‘ಶಹಭಾಸ್’ ಹೇಳುವುದು ನಮ್ಮ ಪದ್ಧತಿ. ಕುದುರೆಗೆ ತಟ್ಟುವುದೆಂದರೆ ಏನೆಂದು ಗೊತ್ತಿಲ್ಲ. ಕೆರೆಯುವುದು ಚೆನ್ನಾಗಿ ಗೊತ್ತು.

ಎದೆಬಡಿತದ ಮಾತು ಬಂದದ್ದರಿಂದ ಹೇಳಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ನಮಗಿಂತ ಎಷ್ಟೋ ಕಡಮೆ. ಜೋರಾಗಿ ಓಡುವಾಗ ಅದೇ 200 ದಾಟುತ್ತದೆ. ಕೆಳದವಡೆಯ ಒಳಬದಿಯಲ್ಲಿ ಹಾಯುವ ರಕ್ತನಾಳದ ಮೇಲೆ ಬೆರಳಿಟ್ಟು ಎಣಿಸಬಹುದು. ಯಾರಾದರೂ ಪರಿಚಿತರ ಬಳಿ ಸಾಧು ಕುದುರೆಯಿದ್ದರೆ, ಒಡೆಯ ಜೊತೆಗಿದ್ದು ಒಪ್ಪಿದರೆ, ವಿದ್ಯಾರ್ಥಿಗಳು ಕೈಗಡಿಯಾರ ಹಿಡಿದು ಮಾಡಿ ನೋಡಬಹುದಾದ ಪ್ರಯೋಗವಿದು. ಕೈ ತಾಗದ ಮರಿಯ ಮೇಲೆ ಖಂಡಿತ ಅಲ್ಲ.

ಕೈ ಒಗ್ಗಿದ ಮೇಲೆ ಹಗ್ಗ, ಆಮೇಲೆ ಗೋಣಿಚೀಲ, ಆಮೇಲೆ ಮುಖಕ್ಕೆ ಕಟ್ಟುವ ಹಗ್ಗ. ಪ್ರತಿಯೊಂದನ್ನೂ ಮೂಸಲು ಬಿಟ್ಟು, ಭುಜಕ್ಕೆ ಮೆಲ್ಲಗೆ ಸವರಿ, ತಾನಾಗಿ ನಿಂತಾಗ ತೆಗೆಯಬೇಕು. ಇಲ್ಲಿ ಅವಸರದವರು ಮಾಡುವ ಒಂದು ತಪ್ಪಿದೆ. ಗೋಣಿಚೀಲ ಕಂಡು ಮರಿ ಹಾರಿದ ಕೂಡಲೇ ‘ಪಾಪ’ ಎಂದು ಚೀಲ ಹಿಂದಕ್ಕೆ ತೆಗೆದುಕೊಂಡರೆ, ಹಾರಿದರೆ ಚೀಲ ಹೋಗುತ್ತದೆ ಎಂಬ ಪಾಠ ಬೇರೂರುತ್ತದೆ. ದಯೆಯಿಂದಲೇ ಕೆಟ್ಟ ಪಾಠ. ಅದಕ್ಕೇ ಮೊದಲಿಗೆ ಚೀಲವನ್ನು ಹಾರುವಷ್ಟು ಹತ್ತಿರಕ್ಕೆ ತರಲೇಬಾರದು. ಎಡಗಡೆ ಕಲಿಸಿದ್ದನ್ನೆಲ್ಲ ಬಲಗಡೆಯೂ ಮೊದಲಿನಿಂದ ಕಲಿಸಬೇಕು. ಬೇರೆ ದಿಕ್ಕಿನಿಂದ ಬಂದ ಚೀಲ ಬೇರೆಯದೇ ಆಗಿ ಕಾಣುತ್ತದೆ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಹೆದರಿದ ಮಗುವಿಗೆ ಬಾಯಿಗೆ ಬರುತ್ತಿದ್ದ ಮಗ್ಗಿಯೂ ತಪ್ಪುತ್ತದಲ್ಲ, ಬಳಲಿದ ಮರಿಗೂ ಹಾಗೆಯೇ.

ಹಗ್ಗ ಹಿಡಿದು ನಡೆಸುವಾಗಲೂ ಸೂತ್ರ ಅದೇ. ಹಗ್ಗವನ್ನು ಒಂದಿಷ್ಟೇ ಬಿಗಿ ಮಾಡಿ ಕಾಯಬೇಕು. ಮರಿ ಅರ್ಧ ಹೆಜ್ಜೆ ಮುಂದಿಟ್ಟರೂ ಅದೇ ಕ್ಷಣ ಸಡಿಲ ಬಿಡಬೇಕು. ಜಗ್ಗುವುದು ಕಲಿಸುವುದಿಲ್ಲ; ಸಡಿಲ ಬಿಡುವುದು ಕಲಿಸುತ್ತದೆ. ಎರಡು ಮೂರು ಸೆಕೆಂಡು ತಡವಾದರೆ, ಯಾವುದಕ್ಕೆ ಸಡಿಲವಾಯಿತೆಂದು ಮರಿಗೆ ತಿಳಿಯುವುದಿಲ್ಲ. ಕೊನೆಗೆ ಕಾಲು ಎತ್ತುವುದು. ಕಾಲೇ ಜೀವ ಎಂದು ನಂಬಿದ ಪ್ರಾಣಿ ಕಾಲನ್ನು ಮನುಷ್ಯನ ಕೈಗೆ ಕೊಡುವುದು ಸಣ್ಣ ಮಾತಲ್ಲ. ನಾಲಬಂದನ ಮುಂದೆ ಲಾಳಕ್ಕೆ ನಿಲ್ಲುವ ದಿನ ಇದರ ಪರೀಕ್ಷೆ.

ಇಷ್ಟೆಲ್ಲ ಆದ ಮೇಲೆ ಮರಿಗೆ ‘ವಿಶ್ವಾಸ’ ಬಂದಿತೆನ್ನಬಹುದೇ? ಇದರಲ್ಲಿ ವಿಜ್ಞಾನಿಗಳು ಸ್ವಲ್ಪ ಬಿಗಿ. ಅಮೆರಿಕದ ಮಾಂಟಿ ರಾಬರ್ಟ್ಸ್ 1989ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಎದುರು ಪಳಗದ ಕುದುರೆಗಳನ್ನು ಹೊಡೆಯದೆ ಬಡಿಯದೆ ಬೇಗನೆ ಸವಾರಿಗೆ ಒಪ್ಪಿಸಿ ತೋರಿಸಿ ಖ್ಯಾತರಾದರು. ದುಂಡನೆಯ ದೊಡ್ಡಿಯಲ್ಲಿ ಕುದುರೆಯನ್ನು ಸುತ್ತ ಓಡಿಸಿ, ಅದು ದಣಿದು ಸಂಧಿಗೆ ಬಂದ ಸನ್ನೆ ಕಂಡಾಗ ಬೆನ್ನು ತಿರುಗಿಸಿ ನಿಂತರೆ, ಅದೇ ಹಿಂದಿನಿಂದ ಬಂದು ಭುಜದ ಬಳಿ ನಿಲ್ಲುತ್ತದೆ. ಮನುಷ್ಯನನ್ನು ತನ್ನ ಹಿಂಡಿನ ಯಜಮಾನನೆಂದು ಒಪ್ಪಿತು ಎನ್ನುವುದು ಅವರ ವಿವರಣೆ. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಯೋಗವನ್ನು ಮನುಷ್ಯನ ಬದಲು ರಿಮೋಟ್‌ನಿಂದ ಓಡುವ ಆಟಿಕೆ ಕಾರಿನಿಂದ ಮಾಡಿದರು. ಕಾರು ಅಟ್ಟಿಸಿತು, ಕುದುರೆ ಅದರತ್ತ ತಿರುಗಿದಾಗ ನಿಂತಿತು. ಕೊನೆಗೆ ಕುದುರೆಗಳು ಕಾರಿನ ಹಿಂದೆಯೂ ನಡೆದು ಬಂದವು! ಆಟಿಕೆ ಕಾರನ್ನು ಯಾವ ಕುದುರೆಯೂ ಯಜಮಾನನೆಂದು ತಿಳಿದಿರಲಾರದು. ಅಟ್ಟುವುದು ನಿಲ್ಲುತ್ತದೆ ಎಂಬುದಕ್ಕೇ ಅದು ಹತ್ತಿರ ಬಂದದ್ದು.

ಹಾಗಾದರೆ ಎಲ್ಲವೂ ಬರಿಯ ಒತ್ತಡ, ಸಡಿಲಿಕೆಯ ಲೆಕ್ಕವೇ? ಅದೂ ಪೂರ್ತಿ ಸರಿಯಲ್ಲ. 2010ರಲ್ಲಿ ಫ್ರಾನ್ಸಿನ ಸಂಶೋಧಕರು ಎಳೆಯ ಕುದುರೆಗಳ ಒಂದು ಗುಂಪಿಗೆ ಸರಿಯಾಗಿ ಮಾಡಿದಾಗಲೆಲ್ಲ ತಿನಿಸು ಕೊಟ್ಟು, ಇನ್ನೊಂದು ಗುಂಪಿಗೆ ತಿನಿಸಿಲ್ಲದೆ ಅದೇ ಪಾಠ ಕಲಿಸಿದರು. ತಿನಿಸಿನ ಗುಂಪು ಬೇಗ ಕಲಿಯಿತು, ಕಚ್ಚುವುದು ಒದೆಯುವುದು ಕಡಮೆಯಿತ್ತು. ತಿಂಗಳುಗಳ ಅಗಲಿಕೆಯ ನಂತರವೂ ಕಲಿಸಿದವರ ಬಳಿ ತಾವಾಗಿ ಬಂದವು. ಹೊಸಬರ ಬಳಿಯೂ ಬಂದವು. ಒಬ್ಬ ಒಳ್ಳೆಯ ಮನುಷ್ಯನನ್ನು ಕಂಡ ಕುದುರೆ ಮನುಷ್ಯ ಜಾತಿಯ ಬಗ್ಗೆಯೇ ಒಳ್ಳೆಯ ಅಭಿಪ್ರಾಯ ತಾಳುತ್ತದೆ ಎನ್ನುವುದು ಸೋಜಿಗ. ಇದರ ತಿರುವುಮುರುವೂ ನಿಜವಾಗಿರಬೇಕಲ್ಲ ಎಂಬ ಯೋಚನೆ ಬಂದರೆ ಮಾತ್ರ ಕಳವಳವಾಗುತ್ತದೆ. ಈ ಮನುಷ್ಯ ಮುಂದೇನು ಮಾಡುತ್ತಾನೆಂದು ತನಗೆ ಗೊತ್ತು, ಅದರಿಂದ ತನಗೆ ನೋವಿಲ್ಲ ಎಂಬ ಲೆಕ್ಕಾಚಾರಕ್ಕೆ ವಿಶ್ವಾಸವೆಂದು ಹೆಸರಿಟ್ಟರೆ ಕುದುರೆಗೆ ಅವಮಾನವೇನಿಲ್ಲ. ಮನುಷ್ಯರ ನಡುವಿನ ವಿಶ್ವಾಸದಲ್ಲೂ ಅರ್ಧಕ್ಕಿಂತ ಹೆಚ್ಚು ಅದೇ.

ತಿನಿಸಿನ ವಿಷಯದಲ್ಲಿ ಒಂದು ಎಚ್ಚರ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಹೊಟ್ಟೆಗೆ ಒಗ್ಗದ್ದು ಹೋದರೆ ಶೂಲೆ ಹಿಡಿದು ಸಾಯುವುದೂ ಉಂಟು. ಪ್ರೀತಿಗೆಂದು ಬುಟ್ಟಿ ಬಾಳೆಹಣ್ಣು ಸುರಿಯಬಾರದು, ತುಂಡು ಹಣ್ಣು, ಹಿಡಿ ಕಡಲೆ ಸಾಕು. ಅದನ್ನೂ ಅಂಗೈ ಚಪ್ಪಟೆ ಮಾಡಿ ಕೊಡಬೇಕು, ಇಲ್ಲವೇ ಬೋಗುಣಿಯಲ್ಲಿಡಬೇಕು. ಹೊಸದಾಗಿ ಕೊಂಡು ತಂದ ಪ್ರಾಣಿಯ ಮೂಗು ಸೋರುತ್ತಿದ್ದರೆ, ಮೈಮೇಲೆ ಗಂಟು ಹುಣ್ಣು ಕಂಡರೆ ಮಕ್ಕಳನ್ನು ದೂರವಿಟ್ಟು ಪಶು ಆಸ್ಪತ್ರೆಗೆ ತಿಳಿಸಬೇಕು. ಗ್ಲಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ತಗಲುತ್ತದೆ. ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದು ಮರೆಯಬಾರದು, ಕುದುರೆಗೂ ಮನುಷ್ಯರಿಗೂ. ಮತ್ತೆ, ಬಾಯಿಗೆ ಹಾಕುವ ಮುಳ್ಳಿನ ಕಡಿವಾಣ ಈಗಲೂ ಕೆಲವು ಕಡೆ ಕಣ್ಣಿಗೆ ಬೀಳುತ್ತದೆ. 1965ರ ನಿಯಮಗಳ ಪ್ರಕಾರವೇ ಅದು ನಿಷಿದ್ಧ. ಮದುವೆಗೆ ಕುದುರೆ ಗೊತ್ತು ಮಾಡುವ ಮನೆಯವರು ಬಾಡಿಗೆ ಚೌಕಾಸಿ ಮಾಡುವಾಗ ಆ ಕಡಿವಾಣವನ್ನೂ ಒಮ್ಮೆ ತೋರಿಸೆಂದು ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಕಮಲಾಪುರದ ಅಪ್ಪ ಎರಡು ದಿನದ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತೆಂದು ಗೊಣಗಬಹುದು. ಗೊಣಗಲಿ. ಕುದುರೆ ನಿಂತೇ ನಿದ್ದೆ ಮಾಡುತ್ತದೆಂದು ಎಲ್ಲರಿಗೂ ಗೊತ್ತು. ಕಾಲಿನ ಕೀಲುಗಳು ಬೀಗ ಹಾಕಿದಂತೆ ಸಿಕ್ಕಿ ನಿಲ್ಲುವುದರಿಂದ ಅದು ಸಾಧ್ಯ. ಆದರೆ ಗಾಢ ನಿದ್ದೆಗೆ, ನಾವು ಕನಸು ಕಾಣುವ ಬಗೆಯ ನಿದ್ದೆಗೆ, ಅದು ನೆಲಕ್ಕೆ ಒರಗಲೇಬೇಕು. ಒರಗಿದ ಕುದುರೆಗೆ ಎದ್ದು ಓಡಲು ಹೊತ್ತು ಹಿಡಿಯುತ್ತದೆ. ಹೆದರಿಕೆಯಿರುವ ಜಾಗದಲ್ಲಿ ಅದು ದಿನಗಟ್ಟಲೆ ಮಲಗುವುದಿಲ್ಲ. ಒಂದು ಮಧ್ಯಾಹ್ನ ಮಗ ಪುಸ್ತಕ ಹಿಡಿದು ದೊಡ್ಡಿಯ ಬೇಲಿಯ ನೆರಳಿನಲ್ಲಿ ಕುಳಿತಿರುವಾಗ ಮರಿ ಮುಂಗಾಲು ಮಡಚಿ ಕೆಳಗಿಳಿಯುತ್ತದೆ, ಪಕ್ಕಕ್ಕೆ ವಾಲುತ್ತದೆ, ಕುತ್ತಿಗೆ ನೀಡಿ ಮಣ್ಣಿನ ಮೇಲೆ ತಲೆ ಇಡುತ್ತದೆ. ಹುಡುಗ ಪುಟ ತಿರುವಿದ ಸದ್ದಿಗೆ ಒಂದು ಕಿವಿ ಅವನ ಕಡೆ ಹೊರಳಿ, ಹಾಗೆಯೇ ಸಡಿಲಾಗುತ್ತದೆ.